ನಿಂತ ಬಂಡಿಯ ಬೆಲೆ ಎಷ್ಟು?



ಲೆಕ್ಕಪತ್ರ ಬರೆಯುವವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಕಣ್ಣಿಗೆ ಬಿದ್ದ ಪ್ರತಿಯೊಂದು ವಸ್ತುವನ್ನು ನೋಡಿದಾಗಲೂ ‘ಇದರಿಂದ ವರ್ಷಕ್ಕೆ ಎಷ್ಟು ಉಪಯೋಗವಾಯಿತು?’ ಎಂದು ಅವನ ಮನಸ್ಸು ಕೇಳಿಯೇ ತೀರುತ್ತದೆ. ಈ ಪ್ರಶ್ನೆ ತಪ್ಪಲ್ಲ. ಭಕ್ತರು ಬೆವರು ಸುರಿಸಿ ಕೊಟ್ಟ ಹಣ ವ್ಯರ್ಥವಾಗದಂತೆ ಕಾಯುವುದು ಕಾರ್ಯದರ್ಶಿಯಾದವನ ಕಾಯಕ. ಆದರೆ ಎಲ್ಲ ವಸ್ತುಗಳ ಬೆಲೆಯನ್ನೂ ಈ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ವರ್ಷವಿಡೀ ಸುಮ್ಮನೆ ನಿಂತ ವಸ್ತು ದಂಡವೇ? ನನ್ನ ಕೈಯಿಂದಲೇ ನಡೆದ ಒಂದು ತಪ್ಪು ಈ ಪ್ರಶ್ನೆಯನ್ನು ನನಗೆ ಕಲಿಸಿತು. ಅದನ್ನು ಮುಚ್ಚಿಡದೆ ತಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಮಠದ ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ಒಂದು ಡೀಸೆಲ್ ಪಂಪು, ನೂರು ಅಡಿ ಕ್ಯಾನ್ವಾಸ್ ಪೈಪು, ಹನ್ನೆರಡು ಕೆಂಪು ಬಕೆಟ್‌ಗಳು ಎಂದು ದಾಖಲಾಗಿತ್ತು. ಜಾತ್ರೆಯ ಕಾಲದಲ್ಲಿ ಬೆಂಕಿಯ ಅನಾಹುತವಾದರೆ ಇರಲಿ ಎಂದು ಅಡತಿ ವ್ಯಾಪಾರಸ್ಥ ಭಕ್ತರೊಬ್ಬರು ಕೊಟ್ಟ ಸಾಮಾನುಗಳವು. ವರ್ಷಾಂತ್ಯದ ಲೆಕ್ಕ ತಪಾಸಣೆಯ ವೇಳೆ ನಾನು ನೋಡಿದೆ: ಪಂಪು ಮೂರು ವರ್ಷಗಳಲ್ಲಿ ಒಂದು ಸಲವೂ ಕೆಲಸಕ್ಕೆ ಬಂದಿರಲಿಲ್ಲ. ಆದರೂ ಪ್ರತಿ ವರ್ಷ ಡೀಸೆಲ್, ಆಯಿಲ್, ಮೆಕ್ಯಾನಿಕ್ ಕೂಲಿ ಎಂದು ಎರಡು ಸಾವಿರದೊಳಗಿನ ಖರ್ಚು ಬೀಳುತ್ತಿತ್ತು. ಕಮಿಟಿಯ ಸಭೆಯಲ್ಲಿ ಈ ಖರ್ಚನ್ನು ನಿಲ್ಲಿಸಬೇಕೆಂದು ಸೂಚಿಸಿದವನು ನಾನೇ. ಯಾರೂ ಬೇಡ ಎನ್ನಲಿಲ್ಲ. ಪಂಪು ಉಗ್ರಾಣದ ಮೂಲೆ ಸೇರಿತು. ಬಕೆಟ್‌ಗಳು ಸುಣ್ಣ ಕಲಸಲು ಹೋದವು.

ಮುಂದೆ ಎರಡನೆಯ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಮಠದ ಹಿಂದಿನ ಓಣಿಯ ರೈತರೊಬ್ಬರ ಕಣಿಕೆಯ ಬಣವೆಗೆ ಬೆಂಕಿ ಬಿತ್ತು. ಹುಡುಗರು ಮಠಕ್ಕೆ ಓಡಿ ಬಂದರು. ಉಗ್ರಾಣದ ಕೀಲಿ ನನ್ನ ಹತ್ತಿರ ಇತ್ತು, ನಾನು ಬ್ಯಾಂಕಿನಲ್ಲಿದ್ದೆ. ಬಾಗಿಲು ತೆರೆಯುವುದರೊಳಗೆ ಅರ್ಧ ತಾಸು ಹೋಯಿತು. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಕೈ ಸೋತವೇ ಹೊರತು ಪಂಪು ಚಾಲೂ ಆಗಲಿಲ್ಲ. ಪೈಪನ್ನು ಇಲಿಗಳು ನಾಲ್ಕು ಕಡೆ ಕಡಿದಿದ್ದವು. ಪಟ್ಟಣದಿಂದ ಅಗ್ನಿಶಾಮಕ ವಾಹನ ಬರುವ ಹೊತ್ತಿಗೆ ಬಣವೆ ಬೂದಿಯಾಗಿತ್ತು. ಅವರು ತಡಮಾಡಿದರೆಂದು ಹೇಳಲಾರೆ. ದಾರಿಯೇ ಅಷ್ಟು ದೂರ. ದೇವರ ದಯೆಯಿಂದ ಎತ್ತುಗಳು ಉಳಿದವು, ಮೇವು ಉಳಿಯಲಿಲ್ಲ. ಆ ರೈತರು ಮೇವು ಕೊಳ್ಳಲಾಗದೆ ಅದೇ ತಿಂಗಳು ಜೋಡಿಯಲ್ಲಿ ಒಂದೆತ್ತನ್ನು ಸಂತೆಯಲ್ಲಿ ಮಾರಿದರು. ಅವರನ್ನು ಕಂಡು ತಪ್ಪೊಪ್ಪಿಕೊಳ್ಳಲು ಹೋದಾಗ, “ಇರ್ಲಿ ಬಿಡ್ರಿ ಸಾಹೇಬ್ರ, ಬೆಂಕಿ ಬೀಳತೈತಿ ಅಂತ ನಿಮಗೇನು ಕನಸು ಬಿದ್ದಿತ್ತೇನ್ರಿ?” ಎಂದರು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಕನಸು ಬೀಳುವುದಿಲ್ಲವೆಂದೇ ಅಲ್ಲವೇ ಆ ಪಂಪನ್ನು ಭಕ್ತರು ಕೊಟ್ಟಿದ್ದು!

ಈ ಮಾತು ಪೂಜ್ಯ ಅಪ್ಪಗಳ ಸನ್ನಿಧಿಯಲ್ಲಿ ಬಂದಾಗ, ರಜೆಗೆ ಊರಿಗೆ ಬಂದಿದ್ದ ನಮ್ಮ ಭಕ್ತರೊಬ್ಬರ ಮಗ ಅಲ್ಲಿದ್ದರು. ಅಮೆರಿಕದ ಒಂದು ಸಣ್ಣ ಊರಿನಲ್ಲಿ ಅವರ ವಾಸ. ಅಲ್ಲಿ ಬೆಂಕಿ ಆರಿಸುವವರು ಸರಕಾರದ ಸಂಬಳದವರಲ್ಲ. ಊರಿನ ರೈತರು, ಅಂಗಡಿಕಾರರು, ಮೇಷ್ಟ್ರುಗಳೇ ಸೇರಿ ದಳ ಕಟ್ಟಿಕೊಂಡಿದ್ದಾರೆ ಎಂದು ಅವರು ಹೇಳಿದರು. ಶ್ರೀಮಂತ ದೇಶದಲ್ಲಿ ಹೀಗೂ ಉಂಟೇ ಎಂದು ನನಗೆ ಆಶ್ಚರ್ಯವಾಯಿತು. ಅಂದಿನಿಂದ ಆ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಅದರಲ್ಲಿ ನಮಗೆ ಉಪಯೋಗವಾಗುವಂಥದನ್ನು ಇಲ್ಲಿ ಹೇಳುತ್ತೇನೆ.

ಆ ದೇಶದಲ್ಲಿ ಬೆಂಕಿ ಆರಿಸುವವರ ಒಟ್ಟು ಸಂಖ್ಯೆ 2020ರ ಲೆಕ್ಕದಂತೆ ಸುಮಾರು 10 ಲಕ್ಷ 41 ಸಾವಿರ. ಅವರಲ್ಲಿ ನೂರಕ್ಕೆ 65 ಜನ ಸ್ವಯಂಸೇವಕರು. ದೊಡ್ಡ ನಗರಗಳಲ್ಲಿ ಸಂಬಳದ ದಳಗಳಿವೆ. ಹಳ್ಳಿ ಮತ್ತು ಸಣ್ಣ ಊರುಗಳು ಬಹುಮಟ್ಟಿಗೆ ಸ್ವಯಂಸೇವಕರನ್ನೇ ನಂಬಿವೆ. ಈ ಪದ್ಧತಿ ಇಂದು ನಿನ್ನೆಯದಲ್ಲ. 1736ರಲ್ಲಿ ಫಿಲಡೆಲ್ಫಿಯಾ ಪಟ್ಟಣದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಅವರ ಗೆಳೆಯರು ಯೂನಿಯನ್ ಫೈರ್ ಕಂಪನಿ ಎಂಬ ಸಂಘವನ್ನು ಕಟ್ಟಿದರು. ಸದಸ್ಯನಾದವನು ತನ್ನ ಸ್ವಂತ ಖರ್ಚಿನಿಂದ ಚರ್ಮದ ಬಕೆಟ್‌ಗಳನ್ನೂ, ಮನೆಯ ಸಾಮಾನು ತುಂಬಿ ಹೊರಸಾಗಿಸಲು ಗಟ್ಟಿ ಬಟ್ಟೆಯ ಚೀಲಗಳನ್ನೂ ಸದಾ ಸಿದ್ಧವಾಗಿ ಇಟ್ಟುಕೊಳ್ಳಬೇಕೆಂಬುದು ಅವರ ಕಟ್ಟಳೆ. ತಿಂಗಳಿಗೊಮ್ಮೆ ಸಭೆ. ಸಭೆ ತಪ್ಪಿಸಿದವರಿಗೆ ಸಣ್ಣ ದಂಡ. ಆ ದಂಡದ ಹಣದಿಂದಲೇ ಬೆಂಕಿ ಆರಿಸುವ ಯಂತ್ರ, ಏಣಿ, ಕೊಕ್ಕೆಗಳನ್ನು ಕೊಂಡುಕೊಂಡರೆಂದು ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಸೋಮಾರಿತನದಿಂದ ಬಂದ ಹಣವನ್ನು ಸಿದ್ಧತೆಗೆ ತಿರುಗಿಸಿದ ಈ ಲೆಕ್ಕ ನನಗೆ ಬಹಳ ಹಿಡಿಸಿತು.

ಇಂದಿನ ದಳದ ಕೊಠಡಿಯಲ್ಲಿ ಏನೇನಿರುತ್ತದೆ? ಮುಖ್ಯವಾದುದು ಪಂಪಿನ ವಾಹನ. ಅಲ್ಲಿಯ ಮಾನದಂಡದಂತೆ ಅದರ ಪಂಪು ನಿಮಿಷಕ್ಕೆ ಕನಿಷ್ಠ 2,800 ಲೀಟರ್ ನೀರು ದೂಡಬೇಕು. ಅದರ ಟ್ಯಾಂಕಿನಲ್ಲಿ ಕನಿಷ್ಠ 1,100 ಲೀಟರ್ ನೀರು ಹಿಡಿಯಬೇಕು. ಹಳ್ಳಿಯ ಕಡೆ ಮೂರು ಮೂರೂವರೆ ಸಾವಿರ ಲೀಟರ್ ಹಿಡಿಯುವ ಟ್ಯಾಂಕುಗಳೂ ಉಂಟು. ನಮ್ಮ ರೈತರಿಗೆ ಈ ಲೆಕ್ಕ ಕೂಡಲೇ ಅರ್ಥವಾಗುತ್ತದೆ. ಮನೆಯ ಬೆಂಕಿಗೆ ಹಿಡಿಯುವ ಒಂದೇ ಒಂದು ಪೈಪು ನಿಮಿಷಕ್ಕೆ ಐದಾರುನೂರು ಲೀಟರ್ ನೀರು ಉಗುಳುತ್ತದೆ. ಅಂದರೆ ಅಷ್ಟು ದೊಡ್ಡ ವಾಹನದ ನೀರೂ ಆರೇಳು ನಿಮಿಷಕ್ಕೆ ಮುಗಿಯಿತು! ಪಟ್ಟಣದಲ್ಲಾದರೆ ರಸ್ತೆಬದಿಯಲ್ಲಿ ಹೈಡ್ರೆಂಟ್ ಎಂಬ ದಪ್ಪ ನಲ್ಲಿಗಳಿರುತ್ತವೆ. ಹೊಲಗಳ ನಡುವೆ ನಲ್ಲಿ ಎಲ್ಲಿಂದ ಬರಬೇಕು?

ಅದಕ್ಕಾಗಿ ಎರಡನೆಯ ವಾಹನ, ನೀರಿನ ಟ್ಯಾಂಕರು. ಏಳೆಂಟು ಸಾವಿರದಿಂದ ಹನ್ನೊಂದು ಸಾವಿರ ಲೀಟರ್‌ವರೆಗೆ ಹೊರುತ್ತದೆ. ಬೆಂಕಿಯ ಸ್ಥಳದಲ್ಲಿ ಮಡಿಚಿಟ್ಟ ದಪ್ಪ ಬಟ್ಟೆಯ ತೊಟ್ಟಿಯನ್ನು ಬಿಡಿಸಿ ನಿಲ್ಲಿಸುತ್ತಾರೆ. ಟ್ಯಾಂಕರು ಬಂದು ಅದರಲ್ಲಿ ನೀರು ಸುರಿದು ಕೆರೆಗೋ ಹಳ್ಳಕ್ಕೋ ಮರಳಿ ಓಡುತ್ತದೆ. ಪಂಪಿನ ವಾಹನ ತೊಟ್ಟಿಯಿಂದ ಎಳೆದುಕೊಳ್ಳುತ್ತದೆ. ಒಂದು ಊರಿನ ಟ್ಯಾಂಕರು ಸಾಲದೆ ಅಕ್ಕಪಕ್ಕದ ನಾಲ್ಕೂರಿನ ಟ್ಯಾಂಕರುಗಳು ಸರದಿ ಹಿಡಿಯುತ್ತವೆ. ಮೂರನೆಯದು ಹುಲ್ಲು, ಕುರುಚಲು ಕಾಡಿನ ಬೆಂಕಿಗೆ ಹೋಗುವ ಸಣ್ಣ ವಾಹನ; ನಾಲ್ಕೂ ಗಾಲಿಗೆ ಎಳೆತವಿರುವ ಪಿಕಪ್ ಗಾಡಿಯ ಹಿಂದೆ ಸಣ್ಣ ಟ್ಯಾಂಕು ಕೂಡಿಸಿರುತ್ತಾರೆ. ಸೈನ್ಯ ಬಳಸಿ ಬಿಟ್ಟ ವಾಹನಗಳನ್ನು ಅಲ್ಲಿಯ ಅರಣ್ಯ ಇಲಾಖೆಯ ಮೂಲಕ ಕಡವಾಗಿ ಪಡೆದು, ತಾವೇ ಬಣ್ಣ ಹಚ್ಚಿ, ಟ್ಯಾಂಕು ಕೂಡಿಸಿಕೊಂಡ ದಳಗಳೂ ಬಹಳ ಇವೆ.

ಇನ್ನು ಉಪಕರಣಗಳು. ಹೊಗೆಯೊಳಗೆ ಹೋಗುವವನ ಬೆನ್ನಿಗೆ ಗಾಳಿಯ ಸಿಲಿಂಡರು, ಮುಖಕ್ಕೆ ಮುಸುಕು. ಸಿಲಿಂಡರಿನ ಮೇಲೆ ಅರ್ಧ ತಾಸು ಎಂದು ಬರೆದಿದ್ದರೂ ಏದುಸಿರು ಬಿಡುತ್ತ ದುಡಿಯುವವನಿಗೆ ಅದು ಅಷ್ಟು ಹೊತ್ತು ಬರುವುದಿಲ್ಲ. ಮೈಗೆ ಪದರ ಪದರದ ದಪ್ಪ ಕೋಟು. ಅಪಘಾತದಲ್ಲಿ ನಜ್ಜುಗುಜ್ಜಾದ ಕಾರನ್ನು ಕತ್ತರಿಸಿ ಜನರನ್ನು ಹೊರತೆಗೆಯಲು ಹೈಡ್ರಾಲಿಕ್ ಕತ್ತರಿ. ಕಾರು ಓಟದ ಪಂದ್ಯಗಳಲ್ಲಿ ಸಿಕ್ಕಿಬಿದ್ದ ಚಾಲಕರನ್ನು ಬಿಡಿಸಲೆಂದು 1960ರ ದಶಕದಲ್ಲಿ ಹುಟ್ಟಿದ ಸಾಧನವದು. ಇಂಥ ದಳಗಳಿಗೆ ಬರುವ ಕರೆಗಳಲ್ಲಿ ಬೆಂಕಿಯದು ಸಣ್ಣ ಪಾಲು. ಅಪಘಾತ, ಎದೆನೋವು, ಬಿದ್ದ ಮುದುಕರನ್ನು ಎತ್ತುವುದೇ ಹೆಚ್ಚು.

ಹೊಸ ಪಂಪಿನ ವಾಹನಕ್ಕೆ ಇಂದು ಹಲವು ಲಕ್ಷ ಡಾಲರ್ ಬೇಕು. ಸರಕಾರದ ಅನುದಾನ ಸ್ವಲ್ಪ ಸಿಗುತ್ತದೆ. ಉಳಿದುದಕ್ಕೆ ಊರವರು ಭಾನುವಾರ ಬೆಳಿಗ್ಗೆ ನಮ್ಮ ದೋಸೆಯಂಥ ಪ್ಯಾನ್‌ಕೇಕ್ ಹೊಯ್ದು ಊರಿಗೆಲ್ಲ ಬಡಿಸಿ ಹಣ ಕೂಡಿಸುತ್ತಾರೆ, ಆಟಗಳನ್ನೇರ್ಪಡಿಸುತ್ತಾರೆ. ನಮ್ಮಲ್ಲಿ ರಥದ ಚಕ್ರಕ್ಕೆ ಪಟ್ಟಿ ಎತ್ತುವ ಹಾಗೆ ಅಲ್ಲಿ ಬೆಂಕಿಯ ಬಂಡಿಗೆ ಪಟ್ಟಿ ಎತ್ತುತ್ತಾರೆ.

ಈಗ ನನ್ನ ಮೂಲ ಪ್ರಶ್ನೆಗೆ ಬರುತ್ತೇನೆ. ಇಷ್ಟೆಲ್ಲ ಖರ್ಚು ಮಾಡಿದ ವಾಹನ ವರ್ಷದ ಬಹುಪಾಲು ಸುಮ್ಮನೆ ನಿಂತಿರುತ್ತದೆ. ನಿಂತಲ್ಲಿಯೇ ಖರ್ಚು ತಿನ್ನುತ್ತದೆ. ದಳದವರು ನಿಯಮಿತವಾಗಿ ಇಂಜಿನ್ ಚಾಲೂ ಮಾಡಿ ನೋಡಬೇಕು. ವರ್ಷಕ್ಕೊಮ್ಮೆ ಪಂಪಿನ ಪರೀಕ್ಷೆ, ಪ್ರತಿಯೊಂದು ಪೈಪಿಗೂ ನೀರು ತುಂಬಿ ಒತ್ತಡದ ಪರೀಕ್ಷೆ. ಬೆಂಕಿಯ ಮುಂದೆ ನಿಲ್ಲುವ ಕೋಟು ಒಂದು ದಿನವೂ ಬೆಂಕಿ ಕಾಣದಿದ್ದರೂ 10 ವರ್ಷ ತುಂಬಿತೆಂದರೆ ಅದನ್ನು ತೆಗೆದಿಡಬೇಕೆಂಬುದು ಅಲ್ಲಿಯ ಮಾನದಂಡ. 15 ವರ್ಷ ದಾಟಿದ ವಾಹನವನ್ನು ಮೊದಲ ಸಾಲಿನಿಂದ ಹಿಂದಕ್ಕೆ ಸರಿಸಬೇಕು, 25 ದಾಟಿದರೆ ಬಿಟ್ಟುಬಿಡಬೇಕು ಎಂಬ ಸಲಹೆಯೂ ಇದೆ. ಬಳಸದೇ ಇದ್ದ ಕೋಟನ್ನು ಎಸೆಯುವುದೆಂದರೆ ನನ್ನಂಥ ಲೆಕ್ಕದವನಿಗೆ ಹೊಟ್ಟೆ ಉರಿಯುವ ಸಂಗತಿ. ಇದು ದುಂದುಗಾರಿಕೆ ಅಲ್ಲವೇ?

ವಿಚಾರ ಮಾಡಿದಾಗ ನನಗೆ ನಮ್ಮ ಹಿರಿಯರ ಹಗೇವು ನೆನಪಾಯಿತು. ಈ ಸೀಮೆಯಲ್ಲಿ ಮಳೆ ನಂಬಿ ಕೂಡುವಂತಿಲ್ಲ. ಸುಗ್ಗಿಯಾದ ಮೇಲೆ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಮುಂದಿನ ವರ್ಷ ಒಳ್ಳೆಯ ಮಳೆಯಾದರೆ ‘ಅಯ್ಯೋ, ಹಗೇವು ದಂಡವಾಯಿತು’ ಎಂದು ಯಾವ ಹಿರಿಯನೂ ಅಳಲಿಲ್ಲ. ಹಗೇವು ತುಂಬಿದೆ ಎಂಬ ಧೈರ್ಯದಿಂದಲೇ ಮನೆಯವರು ರಾತ್ರಿ ನಿದ್ದೆ ಮಾಡುತ್ತಿದ್ದರು. ಆ ನಿದ್ದೆಯೇ ಅದರ ಉಪಯೋಗ. ಹಾಗೆಯೇ ಬೆಂಕಿಯ ಬಂಡಿ ನಿಂತಿರುವಾಗ ಏನೂ ಮಾಡುತ್ತಿಲ್ಲವೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಅದು ಪ್ರತಿದಿನವೂ ಊರಿನ ಪ್ರತಿಯೊಂದು ಬಣವೆಯನ್ನೂ, ಗುಡಿಸಲನ್ನೂ, ಅಂಗಡಿಯನ್ನೂ ಕಾಯುತ್ತಿರುತ್ತದೆ. ನಿಂತಿರುವುದೇ ಅದರ ಕಾಯಕ. ಹೊರಟ ದಿನ ಅದು ಕೇವಲ ತನ್ನ ಮಾತು ಉಳಿಸಿಕೊಳ್ಳುತ್ತದೆ.

ಹೌದಾದರೆ ನಾನು ಕಮಿಟಿಯಲ್ಲಿ ಮಾಡಿದ ತಪ್ಪು ಯಾವುದು? ಪಂಪಿನ ಬೆಲೆಯನ್ನು ಲೆಕ್ಕ ಹಾಕಿದೆ. ಪಂಪು ಕೊಟ್ಟಿದ್ದ ಮಾತಿನ ಬೆಲೆಯನ್ನು ಲೆಕ್ಕ ಹಾಕಲಿಲ್ಲ. ‘ಮಠದಲ್ಲಿ ಪಂಪು ಐತಿ’ ಎಂದು ಓಣಿಯ ಜನ ನಂಬಿಕೊಂಡಿದ್ದರು. ಪಂಪು ಇಲ್ಲವೇ ಇಲ್ಲವೆಂದು ಗೊತ್ತಿದ್ದರೆ ಆ ಹುಡುಗರು ಮಠಕ್ಕೆ ಓಡಿ ಬಂದು ಅರ್ಧ ತಾಸು ಕಳೆಯುತ್ತಿರಲಿಲ್ಲ. ಬಾವಿಯಿಂದ ಕೊಡ ಹಿಡಿದು ಸಾಲು ನಿಲ್ಲುತ್ತಿದ್ದರು. ಆದುದರಿಂದ ಕೆಟ್ಟ ಪಂಪು ಇಲ್ಲದ ಪಂಪಿಗಿಂತ ಕೇಡು. ಯಂತ್ರ ಸವೆಯುವುದಕ್ಕೆ ನಾವು ಬಿ.ಕಾಂ.ನಲ್ಲಿ ಸವಕಳಿ ಎಂದು ಕಲಿತೆವು. ಸಿದ್ಧತೆಗೂ ಸವಕಳಿ ಉಂಟು, ಅದು ಯಂತ್ರದ ಸವಕಳಿಗಿಂತ ಬೇಗ ನಡೆಯುತ್ತದೆ ಎಂಬುದನ್ನು ಯಾವ ಪುಸ್ತಕವೂ ಕಲಿಸಲಿಲ್ಲ.

ವ್ಯಾಪಾರಸ್ಥ ಬಂಧುಗಳು ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ: ‘ಆಯಿತು, ಸಿದ್ಧವಾಗಿ ಇಡೋಣ. ಆದರೆ ಪಟ್ಟಿ ಕೊಡದವನ ಮನೆಗೆ ಬೆಂಕಿ ಬಿದ್ದರೆ ಹೋಗಬೇಕೇ?’

ಇದು ಬರಿಯ ಚರ್ಚೆಯ ಮಾತಲ್ಲ, ನಡೆದ ಸಂಗತಿ. 2010ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದ ಸೌತ್ ಫುಲ್ಟನ್ ಎಂಬ ಸಣ್ಣ ಪಟ್ಟಣದ ಹೊರವಲಯದಲ್ಲಿ ಒಂದು ಮನೆಗೆ ಬೆಂಕಿ ಬಿತ್ತು. ಊರ ಹೊರಗಿನವರು ಪಟ್ಟಣದ ಅಗ್ನಿಶಾಮಕ ದಳದ ಸೇವೆ ಬೇಕಾದರೆ ವರ್ಷಕ್ಕೆ 75 ಡಾಲರ್ ಕಟ್ಟಬೇಕೆಂದು ನಿಯಮವಿತ್ತು. ಆ ಮನೆಯವರು ಕಟ್ಟಿರಲಿಲ್ಲ. ದಳ ಬರಲಿಲ್ಲ. ಬೆಂಕಿ ಪಕ್ಕದ ಹೊಲಕ್ಕೆ ಹಬ್ಬಿದಾಗ, ಹಣ ಕಟ್ಟಿದ್ದ ಆ ನೆರೆಯವರ ಸಲುವಾಗಿ ವಾಹನ ಬಂತು. ನೆರೆಯವರ ಹೊಲದ ಬೆಂಕಿ ಆರಿಸಿದರು, ಮನೆ ಉರಿಯುವುದನ್ನು ನೋಡುತ್ತ ನಿಂತರು. ಈಗ ಎಷ್ಟು ಬೇಕೋ ಅಷ್ಟು ಕೊಡುತ್ತೇವೆಂದು ಮನೆಯವರು ಹೇಳಿದರೂ ಕೇಳಲಿಲ್ಲ. ಮನೆ ಸುಟ್ಟುಹೋಯಿತು. ಸಾಕಿದ ನಾಯಿಗಳೂ ಬೆಕ್ಕೂ ಸತ್ತವು.

ಆ ಪಟ್ಟಣದವರ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಬೆಂಕಿ ಬಿದ್ದ ಮೇಲೆ ಹಣ ಕೊಟ್ಟರೂ ನಡೆಯುತ್ತದೆಂದಾದರೆ ಮುಂಚೆ ಯಾರು ಕೊಡುತ್ತಾರೆ? ಯಾರೂ ಕೊಡದಿದ್ದರೆ ಬಂಡಿಯೇ ಇರುವುದಿಲ್ಲ. ನಿಯತ್ತಿನಿಂದ ಕಟ್ಟಿದವರಿಗೆ ಇದು ಅನ್ಯಾಯ. ಸಹಕಾರಿ ಸಂಘದ ಕಂತು ತಪ್ಪದೆ ತುಂಬಿದವನಿಗೆ ಸಾಲಮನ್ನಾ ಆದಾಗ ಎಂಥ ಸಂಕಟವಾಗುತ್ತದೆಂಬುದು ನಮಗೆಲ್ಲ ಗೊತ್ತಿದೆ.

ಆದರೂ ನನಗೆ ತಿಳಿದ ಮಟ್ಟಿಗೆ ಇಲ್ಲಿ ಎರಡು ಧರ್ಮಗಳು ಬೆರೆತುಹೋಗಿವೆ. ಪಟ್ಟಿ ಕೊಡುವುದು ಆ ಮನೆಯವನ ಧರ್ಮ. ಉರಿಯುವ ಮನೆಗೆ ನೀರು ಹಾಕುವುದು ನೀರು ಹಿಡಿದು ನಿಂತವನ ಧರ್ಮ. ಮೊದಲನೆಯದು ತಪ್ಪಿತೆಂಬ ಕಾರಣಕ್ಕೆ ಎರಡನೆಯದು ರದ್ದಾಗುವುದಿಲ್ಲ. ಬಾಕಿಗೆ ಖಾತೆ ಇದೆ, ನೋಟೀಸು ಇದೆ, ಪಂಚರಿದ್ದಾರೆ. ವಸೂಲಿಗೆ ನಾಳೆಯೂ ದಿನವಿದೆ. ಬೆಂಕಿಗೆ ನಾಳೆ ಇಲ್ಲ. ಬಂಡಿ ಬಾರದೇ ಇರಲು ನೂರು ಕಾರಣಗಳಿರಬಹುದು. ಬಂದು, ಪೈಪು ಕೈಯಲ್ಲಿ ಹಿಡಿದು, ಪಟ್ಟಿಯ ಹೆಸರು ನೋಡಿ ಸುಮ್ಮನೆ ನಿಲ್ಲುವುದಕ್ಕೆ ಕಾರಣ ಸಿಗಲಾರದು. ರೋಮ್ ನಗರದಲ್ಲಿ ಕ್ರಾಸಸ್ ಎಂಬ ಧನಿಕನಿದ್ದ. ಉರಿಯುತ್ತಿರುವ ಮನೆಗಳನ್ನೂ ಅದರ ಅಕ್ಕಪಕ್ಕದ ಮನೆಗಳನ್ನೂ, ಹೆದರಿದ ಮಾಲೀಕರಿಂದ ಮಣ್ಣಿನ ಬೆಲೆಗೆ ಕೊಂಡುಕೊಂಡು ಆಸ್ತಿ ಬೆಳೆಸಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಸೌತ್ ಫುಲ್ಟನ್ನಿನವರು ಕ್ರಾಸಸನಂತೆ ಲೋಭಿಗಳಲ್ಲ, ನಿಯಮ ಪಾಲಿಸಿದವರು ಅಷ್ಟೇ. ಆದರೆ ಸಂಕಟದ ಹೊತ್ತನ್ನು ವ್ಯವಹಾರದ ಹೊತ್ತನ್ನಾಗಿ ಮಾಡಿದರೆ ಇಬ್ಬರ ದಾರಿಯೂ ಒಂದೇ ಕಡೆ ಕೂಡುತ್ತದೆ. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ‘ನೀನು ಎಷ್ಟು ಚೀಲ ಕಾಣಿಕೆ ಕೊಟ್ಟೆ?’ ಎಂದು ಕೇಳದ ಪರಂಪರೆ ನಮ್ಮದು. ಹಸಿವಿಗೆ ಒಂದು ನ್ಯಾಯ, ಬೆಂಕಿಗೆ ಇನ್ನೊಂದು ನ್ಯಾಯ ಎನ್ನಲು ಬರುತ್ತದೆಯೇ?

ಗಡಿಭಾಗದಲ್ಲಿ ಬಾಳುವ ನಮಗೆ ಇನ್ನೊಂದು ಸಂಗತಿ ಬಹಳ ಹತ್ತಿರದ್ದು. 1904ರ ಫೆಬ್ರುವರಿ 7ರಂದು ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿತ್ತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದ ಬಂಡಿಗಳು ನೆರವಿಗೆ ಧಾವಿಸಿದವು. ಜನ ಬಂದರು, ಯಂತ್ರ ಬಂತು, ಮನಸ್ಸೂ ಬಂತು. ಆದರೆ ಹೊರಗಿನಿಂದ ಬಂದ ಎಷ್ಟೋ ದಳಗಳ ಪೈಪಿನ ಕಪ್ಲಿಂಗ್ ಬಾಲ್ಟಿಮೋರಿನ ನಲ್ಲಿಗೆ ಕೂಡಲಿಲ್ಲ! ಒಂದೊಂದು ಊರಿನ ಥ್ರೆಡ್ ಒಂದೊಂದು ಅಳತೆ. ಎರಡು ದಿನಗಳಲ್ಲಿ 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು. ಆಮೇಲೆ ವಿಚಾರಿಸಿದಾಗ ದೇಶದಲ್ಲಿ 600ಕ್ಕೂ ಹೆಚ್ಚು ಬಗೆಯ ಕಪ್ಲಿಂಗ್ ಅಳತೆಗಳಿರುವುದು ಕಂಡುಬಂತು. ಎಲ್ಲರಿಗೂ ಒಂದೇ ಅಳತೆಯೆಂಬ ಮಾನದಂಡ ಹುಟ್ಟಿತು. ಆದರೂ ಎಲ್ಲ ಊರುಗಳೂ ಬದಲಾಯಿಸಿಕೊಳ್ಳಲಿಲ್ಲ. 87 ವರ್ಷಗಳ ಬಳಿಕ, 1991ರ ಅಕ್ಟೋಬರಿನಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳಿಗೆ ಬೆಂಕಿ ಬಿದ್ದು 25 ಜನ ಸತ್ತಾಗ, ನೆರೆಯೂರಿನ ಬಂಡಿಗಳಿಗೆ ಮತ್ತೆ ಅದೇ ತೊಂದರೆ ಎದುರಾಯಿತು.

ಸದ್ಭಾವನೆ ಒಂದೇ ಸಾಲದು, ಸದ್ಭಾವನೆಗೂ ಕಪ್ಲಿಂಗ್ ಕೂಡಬೇಕು ಎಂಬುದು ಇದರ ಪಾಠ. ನಮ್ಮ ಸೀಮೆಯಲ್ಲಿ ಗಡಿಯ ಈಚೆ ಮಹಾರಾಷ್ಟ್ರದ ಪಟ್ಟಣಗಳಲ್ಲಿ ಅಗ್ನಿಶಾಮಕ ವಾಹನ ಸ್ಥಳೀಯ ಸಂಸ್ಥೆಗಳದು. ಆಚೆ ಕರ್ನಾಟಕದಲ್ಲಿ ಅದು ರಾಜ್ಯ ಇಲಾಖೆಯದು. ಎರಡು ಆಡಳಿತ, ಎರಡು ಕಚೇರಿ, ಎರಡು ಭಾಷೆಯ ಅರ್ಜಿ. ಹೊಲಕ್ಕೆ ಬಿದ್ದ ಬೆಂಕಿ ಗಡಿಕಲ್ಲಿನ ಬಳಿ ನಿಂತು ಯಾವ ರಾಜ್ಯವೆಂದು ಕೇಳುವುದಿಲ್ಲ. ಯಾವ ಊರಿನಿಂದ ಬಂಡಿ ಬೇಗ ಬರುತ್ತದೆ, ಯಾವ ನಂಬರಿಗೆ ಫೋನು ಮಾಡಬೇಕು, ದಾರಿಯಲ್ಲಿ ಯಾವ ಹಳ್ಳದ ಸೇತುವೆ ಭಾರ ತಾಳುತ್ತದೆ, ಯಾವ ಬಾವಿಯ ಬಳಿ ವಾಹನ ನಿಲ್ಲಲು ಜಾಗವಿದೆ – ಇದನ್ನೆಲ್ಲ ಬೆಂಕಿ ಬಿದ್ದ ಹೊತ್ತಿನಲ್ಲಿ ಹುಡುಕುವುದಲ್ಲ. ನೆರೆಯವರ ಗುರುತು ಪರಿಚಯ, ಮಾತುಕತೆಗಳನ್ನು ತಂಪು ಹೊತ್ತಿನಲ್ಲಿ ಮಾಡಿಟ್ಟುಕೊಳ್ಳಬೇಕು.

ಸಿದ್ಧತೆಯ ಕೊನೆಯ ಪಾಠ ಎಲ್ಲಕ್ಕಿಂತ ಕಠಿಣವಾದುದು. ಟೆಕ್ಸಾಸಿನಲ್ಲಿ ವೆಸ್ಟ್ ಎಂಬ ಹೆಸರಿನ, ಮೂರು ಸಾವಿರದೊಳಗಿನ ಜನಸಂಖ್ಯೆಯ ರೈತರ ಊರಿದೆ. 2013ರ ಏಪ್ರಿಲ್ 17ರ ಸಂಜೆ ಅಲ್ಲಿಯ ಗೊಬ್ಬರದ ಮಳಿಗೆಗೆ ಬೆಂಕಿ ಹತ್ತಿತು. ಊರಿನ ಸ್ವಯಂಸೇವಕರು ಕೆಲವೇ ನಿಮಿಷಗಳಲ್ಲಿ ವಾಹನ ತಂದು ನಿಂತರು. ಮಳಿಗೆಯ ಕಟ್ಟಿಗೆಯ ಕಣಜಗಳಲ್ಲಿ ಅಮೋನಿಯಂ ನೈಟ್ರೇಟ್ ತುಂಬಿತ್ತು. ಬೆಂಕಿ ಕಂಡು ಇಪ್ಪತ್ತು ನಿಮಿಷದ ಸುಮಾರಿಗೆ ಹತ್ತಿರ ಹತ್ತಿರ 30 ಟನ್ ಒಮ್ಮೆಲೇ ಸ್ಫೋಟಿಸಿತು. ಸತ್ತವರು 15 ಜನ. ಅವರಲ್ಲಿ 12 ಜನ ನೆರವಿಗೆ ಓಡಿ ಬಂದವರೇ. ಅವರ ವಾಹನದಲ್ಲಿ ಕೊರತೆ ಇರಲಿಲ್ಲ, ಧೈರ್ಯದಲ್ಲಂತೂ ಇರಲೇ ಇಲ್ಲ. ಆ ವಸ್ತು ಬೆಂಕಿಯಲ್ಲಿ ಏನು ಮಾಡಬಲ್ಲದು, ಯಾವಾಗ ಪೈಪು ಬಿಟ್ಟು ಜನರನ್ನು ಕರೆದುಕೊಂಡು ದೂರ ಸರಿಯಬೇಕು ಎಂಬ ತಿಳಿವಳಿಕೆ ಮೊದಲೇ ಅವರ ಕೈ ಸೇರಬೇಕಾಗಿತ್ತು, ಸೇರಿರಲಿಲ್ಲ. ನಮ್ಮ ಅಂಗಡಿಗಳ ಯೂರಿಯಾ ಬೇರೆ ವಸ್ತು. ಅದನ್ನೂ ಇದನ್ನೂ ಒಂದೇ ಎಂದು ಹೆದರಬೇಕಾಗಿಲ್ಲ. ಆದರೆ ತನ್ನ ಗೋದಾಮಿನಲ್ಲಿ ಏನಿದೆ ಎಂಬುದನ್ನು ಊರಿಗೆ ತಿಳಿಸಿಡುವುದು ವ್ಯಾಪಾರಿಯ ಧರ್ಮ ಎಂಬುದನ್ನು ಆ ಊರು ಬಹಳ ದೊಡ್ಡ ಬೆಲೆ ತೆತ್ತು ಲೋಕಕ್ಕೆ ಹೇಳಿದೆ. ನಮ್ಮ ದೇಶದಲ್ಲಿಯೂ 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಹಡಗಿನ ಸ್ಫೋಟದಲ್ಲಿ 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣಾರ್ಪಣೆ ಮಾಡಿದರು. ಅವರ ನೆನಪಿಗಾಗಿಯೇ ಆ ದಿನವನ್ನು ಪ್ರತಿವರ್ಷ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ.

ಇನ್ನೊಂದು ಮಾತು. ಅಮೆರಿಕದ ಸ್ವಯಂಸೇವಕರ ಸಂಖ್ಯೆ 1984ರಲ್ಲಿ ಸುಮಾರು 8 ಲಕ್ಷ 97 ಸಾವಿರವಿತ್ತು. 2020ರಲ್ಲಿ 6 ಲಕ್ಷ 77 ಸಾವಿರಕ್ಕೆ ಇಳಿದಿದೆ. ಪಟ್ಟಿ ಎತ್ತಿದರೆ ವಾಹನ ಬರುತ್ತದೆ, ಕೈಗಳು ಬರುವುದಿಲ್ಲ. ದುಡಿಮೆಗೆ ದೂರ ಹೋಗುವ ಹರೆಯದವರು, ಊರಲ್ಲಿ ಉಳಿದ ಮುದುಕರು – ಈ ಕಥೆ ನಮ್ಮದೂ ಹೌದಲ್ಲವೇ?

ಈಗ ನಮ್ಮ ಮಠದಲ್ಲಿ ಏನು ಮಾಡಿದೆವೆಂದು ಹೇಳಿ ಮುಗಿಸುತ್ತೇನೆ. ಪೂಜ್ಯ ಅಪ್ಪಗಳ ಅಪ್ಪಣೆಯಂತೆ ಪಂಪನ್ನು ದುರಸ್ತಿ ಮಾಡಿಸಿದ್ದೇವೆ. ಹೊಸ ಪೈಪು ಕೊಂಡಿದ್ದೇವೆ. ಕೊಳ್ಳುವ ಮುನ್ನ ಪಟ್ಟಣದ ಅಗ್ನಿಶಾಮಕ ಠಾಣೆಗೆ ಹೋಗಿ ಅವರ ಕಪ್ಲಿಂಗಿನ ಅಳತೆ ಬರೆದುಕೊಂಡು ಬಂದೆ. ಪ್ರತಿ ಅಮಾವಾಸ್ಯೆಯ ದಿನ ಬೆಳಿಗ್ಗೆ, ಭಕ್ತರು ನೆರೆದಾಗ, ಹುಡುಗರು ಪಂಪು ಚಾಲೂ ಮಾಡಿ ಮಠದ ಬಾವಿಯ ನೀರನ್ನು ಗಿಡಗಳಿಗೆ ಹಾಯಿಸುತ್ತಾರೆ. ಪರೀಕ್ಷೆಯೂ ಆಯಿತು, ಗಿಡಕ್ಕೆ ನೀರೂ ಆಯಿತು. ಉಗ್ರಾಣದ ಕೀಲಿ ಈಗ ಮೂವರ ಹತ್ತಿರ ಇದೆ. ಬಕೆಟ್‌ಗಳನ್ನು ಸುಣ್ಣಕ್ಕೆ ಮುಟ್ಟಬಾರದೆಂದು ಬರೆಸಿದ್ದೇವೆ. ಆ ರೈತರಿಗೆ ಎತ್ತು ಕೊಡಿಸಲು ಕೆಲವು ಭಕ್ತರು ಕೈಗೂಡಿಸಿದರು. ಅದರಲ್ಲಿ ನನ್ನ ಪಾಲೂ ಇದೆ. ಅದನ್ನು ದಾನವೆಂದು ನಾನು ಬರೆದುಕೊಂಡಿಲ್ಲ, ಬಾಕಿ ಸಂದಾಯವೆಂದು ಬರೆದುಕೊಂಡಿದ್ದೇನೆ.

ರಜಿಸ್ಟರಿನ ಆ ಪುಟ ಇನ್ನೂ ಡೆಡ್‌ಸ್ಟಾಕ್ ಎಂಬ ತಲೆಬರಹದಡಿಯಲ್ಲಿಯೇ ಇದೆ. ಕಾಯಿದೆಯಂತೆ ಹಾಗೆಯೇ ಇರಬೇಕು. ಆದರೆ ‘ವರ್ಷದ ಉಪಯೋಗ’ ಎಂಬ ಕಾಲಮಿನಲ್ಲಿ ಮೊದಲು ಸೊನ್ನೆ ಬರೆಯುತ್ತಿದ್ದೆ. ಈ ವರ್ಷ ‘365 ದಿನ’ ಎಂದು ಬರೆದಿದ್ದೇನೆ. ಆಡಿಟರು ಕೇಳಿದರೆ ಉತ್ತರ ಹೇಳಲು ಸಿದ್ಧನಿದ್ದೇನೆ.

ತಮ್ಮ ತಮ್ಮ ಊರಿನ ಮಠ, ಗುಡಿ, ಸೊಸಾಯಿಟಿ, ಗೋದಾಮುಗಳಲ್ಲಿಯೂ ಮೂಲೆ ಸೇರಿದ ಇಂಥ ವಸ್ತು ಒಂದಾದರೂ ಇದ್ದೀತು. ಈ ಬೇಸಿಗೆಗೆ ಮುಂಚೆ ಅದನ್ನು ಒಮ್ಮೆ ಹೊರಗೆ ತೆಗೆದು, ಧೂಳು ಒರೆಸಿ, ಚಾಲೂ ಮಾಡಿ ನೋಡಬೇಕೆಂದು ಸದ್ಭಕ್ತರಲ್ಲಿ ವಿನಂತಿ.



– ಕಾರ್ಯದರ್ಶಿ, ಶ್ರೀಮಠ